ನೀಲಿ ‘ಇ’ ಇದ್ದ ಕಾಲ

2003ರಲ್ಲಿ ನಮ್ಮ ಕಚೇರಿಗೆ ಮೊದಲ ಕಂಪ್ಯೂಟರ್ ಬಂದಾಗ ಅದಕ್ಕೆ ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿ, ಕೀಲಿಮಣೆಯ ಮೇಲೊಂದು ಸೇವಂತಿಗೆ ಇಟ್ಟವಳು ನಾನೇ. ಹದಿನೈದು ವರ್ಷ ಟೈಪ್‌ರೈಟರ್ ಕುಟ್ಟಿದವಳೆಂದು ಅದರ ಮುಂದೆ ಕೂರುವ ಸರದಿಯೂ ನನಗೇ ಬಂತು. ಪರದೆಯ ಮೇಲೊಂದು ನೀಲಿ ‘ಇ’ ಅಕ್ಷರ. ಅದನ್ನು ಒತ್ತಿದರೆ ಇಂಟರ್ನೆಟ್. ಆ ‘ಇ’ಯೇ ಇಂಟರ್ನೆಟ್ ಎಂದು ಬಹಳ ಕಾಲ ತಿಳಿದಿದ್ದೆ. ಅದು ಬ್ರೌಸರ್ ಅಷ್ಟೇ, ಜಾಲದ ಪುಟಗಳನ್ನು ತಂದು ತೋರಿಸುವ ಒಂದು ಕಿಟಕಿ, ಅಂಥ ಕಿಟಕಿಗಳು ಬೇರೆಯೂ ಇವೆ ಎಂಬ ತಿಳಿವಳಿಕೆಗೆ ನಾನು ಕೊಟ್ಟ ಬೆಲೆ ದೊಡ್ಡದು. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲ ಕಿಟಕಿ ತೆರೆದದ್ದು 1990ರಲ್ಲಿ, ಜಿನೀವಾ ಬಳಿಯ ಸೆರ್ನ್ ಸಂಶೋಧನಾಲಯದಲ್ಲಿ. ಅದನ್ನು ಕಟ್ಟಿದವರು ಟಿಮ್ ಬರ್ನರ್ಸ್-ಲೀ. 1993ರಲ್ಲಿ ಮೊಸಾಯಿಕ್, 1994ರಲ್ಲಿ ನೆಟ್‌ಸ್ಕೇಪ್ ಬಂದವು. 1995ರಲ್ಲಿ ಮೈಕ್ರೋಸಾಫ್ಟ್ ತನ್ನ ಇಂಟರ್ನೆಟ್ ಎಕ್ಸ್‌ಪ್ಲೋರರ್ ತಂದಿತು. ಅದೇ ನಮ್ಮ ನೀಲಿ ‘ಇ’. ಮುಂದೆ ವಿಂಡೋಸ್ ಕೊಂಡವರಿಗೆಲ್ಲ ಅದು ಜೊತೆಯಲ್ಲೇ ಬರತೊಡಗಿತು. ಕೊಸರಿಗೆ ಸಿಕ್ಕ ಕೊತ್ತಂಬರಿ ಕಟ್ಟನ್ನು ಯಾರು ಬೇಡವೆನ್ನುತ್ತಾರೆ? 1998ರಲ್ಲಿ ಅಮೆರಿಕದ ಸರ್ಕಾರವೇ ಈ ವ್ಯಾಪಾರದ ರೀತಿಯನ್ನು ನ್ಯಾಯಾಲಯಕ್ಕೆ ಒಯ್ದಿತು. ಆದರೂ ಮೂರು ನಾಲ್ಕು ವರ್ಷಗಳಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಕಂಪ್ಯೂಟರುಗಳಲ್ಲಿ ಅದೇ ‘ಇ’ ಕೂತಿತ್ತು.

ಒಂದು ತಮಾಷೆ ಕೇಳಿ. ನೆಟ್‌ಸ್ಕೇಪಿಗೆ ಮನೆಯೊಳಗಿನ ಹೆಸರು ‘ಮೊಜಿಲ್ಲಾ’. ಕೆಲವು ತಾಣಗಳು ‘ನಾನು ಮೊಜಿಲ್ಲಾ’ ಎಂದು ಹೇಳಿಕೊಂಡವರಿಗೆ ಮಾತ್ರ ಚೆಂದದ ಪುಟ ಕೊಡುತ್ತಿದ್ದವು. ಹಾಗಾಗಿ ನೀಲಿ ‘ಇ’ ಕೂಡ ತಾನು ಮೊಜಿಲ್ಲಾ ಎಂದು ಹೇಳಿಕೊಂಡು ಒಳನುಗ್ಗಿತು. ನೆಟ್‌ಸ್ಕೇಪ್ 2008ರಲ್ಲಿ ಬಾಗಿಲು ಹಾಕಿತು. ಕ್ರೋಮ್, ಸಫಾರಿ ಇಂದಿಗೂ ಪ್ರತಿ ತಾಣದ ಬಾಗಿಲಲ್ಲಿ ಮೊದಲು ಹೇಳುವುದು ಆ ಹೆಸರನ್ನೇ. ಮನೆತನವೇ ಅಳಿದ ಮೇಲೂ ಮನೆತನದ ಹೆಸರು ಹೊತ್ತು ತಿರುಗುವ ಸೊಸೆಯಂದಿರ ಹಾಗೆ.

2001ರಲ್ಲಿ ಆರನೆಯ ಆವೃತ್ತಿ ಬಂತು. ಎದುರಾಳಿಯೇ ಇಲ್ಲದ ಮೇಲೆ ಅವಸರವೇನು? ಏಳನೆಯದು ಬರಲು 2006ರ ಅಕ್ಟೋಬರ್ ಆಗಬೇಕಾಯಿತು. ಆ ಐದು ವರ್ಷಗಳಲ್ಲಿ ಬ್ಯಾಂಕು, ಕಚೇರಿ, ಕಾರ್ಖಾನೆಗಳವರು ತಮ್ಮ ತಂತ್ರಾಂಶಗಳನ್ನೆಲ್ಲ ಆ ಆರನೆಯ ಕಿಟಕಿಯ ಅಳತೆಗೇ ಹೊಲಿಸಿಕೊಂಡರು, ಅದರ ಓರೆಕೋರೆಗಳನ್ನೂ ಸೇರಿಸಿ. ಅದರಲ್ಲಿ ಆಕ್ಟಿವ್‌ಎಕ್ಸ್ ಎಂಬ ಏರ್ಪಾಡಿತ್ತು. ಜಾಲದ ಪುಟವೊಂದು ಸಣ್ಣ ಪ್ರೋಗ್ರಾಮನ್ನು ನೇರ ನಮ್ಮ ಯಂತ್ರದೊಳಕ್ಕೆ ಇಳಿಸಿ ಕೆಲಸ ಮಾಡಿಸಬಹುದಿತ್ತು. ಅನುಕೂಲವೇ ಸರಿ. ಆದರೆ ಹಾಲಿನವನು ಬರುವ ಹಿತ್ತಿಲ ಬಾಗಿಲಲ್ಲಿ ಕಳ್ಳನೂ ಬರಬಹುದಲ್ಲ.

ನಮ್ಮ ಕಚೇರಿಗೆ ಹೊಸದಾಗಿ ಸೇರಿದ ಹುಡುಗನೊಬ್ಬ ಉತ್ಸಾಹದಿಂದ ಏಳನೆಯ ಆವೃತ್ತಿ ಹಾಕಿಬಿಟ್ಟ. ಮರುದಿನ ರಸೀದಿ ಮುದ್ರಿಸುವ ಗುಂಡಿಯೇ ಪರದೆಯಿಂದ ಮಾಯ! ಕೌಂಟರಿನ ಮುಂದೆ ಸಾಲು ಬಾಗಿಲು ದಾಟಿ ಬೀದಿಗೆ ಬಂತು. ಸಾಹೇಬರು ಕೂಗಾಡಿದರು. ಹುಡುಗ ಬೆವರಿಳಿಸುತ್ತ ಹಳೆಯದನ್ನೇ ಮತ್ತೆ ಕೂರಿಸಿದ ಮೇಲೆ ನಾನೇ ದುಂಡಗಿನ ಅಕ್ಷರದಲ್ಲಿ ‘ಅಪ್‌ಡೇಟ್ ಮಾಡಬಾರದು’ ಎಂದು ಚೀಟಿ ಬರೆದು ಮಾನಿಟರಿನ ನೆತ್ತಿಗೆ ಅಂಟಿಸಿದೆ.

ಇನ್ನು ಮನೆಯ ಕಥೆ. ಮಗಳ ಓದಿಗೆಂದು ಸೆಕೆಂಡ್‌ಹ್ಯಾಂಡ್ ಕಂಪ್ಯೂಟರ್ ಕೊಂಡಿದ್ದೆವು. 2009ರ ಒಂದು ಮಧ್ಯಾಹ್ನ ಅಡುಗೆಯ ಪುಟವೊಂದನ್ನು ನೋಡುತ್ತಿದ್ದೆ. ‘ನಿಮ್ಮ ಬ್ರೌಸರ್ ಹಳೆಯದಾಗಿದೆ, ಅಪಾಯವಿದೆ, ಕೂಡಲೇ ಅಪ್‌ಡೇಟ್ ಮಾಡಿ’ ಎಂದು ಇಂಗ್ಲಿಷಿನಲ್ಲಿ ಕೆಂಪು ಎಚ್ಚರಿಕೆಯೊಂದು ಬಂತು. ಕಚೇರಿಯಲ್ಲಿ ತಾನೇ ಬೇಡ, ಮನೆಯಲ್ಲಾದರೂ ಹೊಸದಿರಲಿ ಎಂದು ಒತ್ತಿದೆ. ಒಳಬಂದದ್ದು ಬ್ರೌಸರ್ ಅಲ್ಲ, ವೈರಸ್. ರಿಪೇರಿಯವನು ಎಲ್ಲವನ್ನೂ ಅಳಿಸದೆ ಬೇರೆ ದಾರಿಯಿಲ್ಲ ಎಂದ. ನಾಲ್ಕು ವರ್ಷದ ಫೋಟೋಗಳು ಹೋದವು. ಅದರಲ್ಲಿ ಅಮ್ಮನ ಕೊನೆಯ ಯುಗಾದಿಯೂ ಇತ್ತು. ಮನೆಯಲ್ಲಿ ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನಿಜವಾದ ಅಪ್‌ಡೇಟ್ ನಾವು ನೋಡುತ್ತಿರುವ ಪುಟದೊಳಗಿಂದ ಬರುವುದಿಲ್ಲ, ಬ್ರೌಸರಿನ ಸ್ವಂತ ಪಟ್ಟಿಯಲ್ಲಿ ಅದಕ್ಕೊಂದು ಜಾಗವಿರುತ್ತದೆ ಎಂಬ ಇಷ್ಟೇ ಇಷ್ಟು ವಿಷಯವನ್ನು ಆಗ ನನಗೆ ಯಾರೂ ಹೇಳಿರಲಿಲ್ಲ. ಹೆದರಿದ ನಾನು ಆಮೇಲೆ ಮನೆಯಲ್ಲೂ ‘ಅಪ್‌ಡೇಟ್’ ಎಂದು ಬರೆದ ಯಾವುದನ್ನೂ ಮುಟ್ಟಲಿಲ್ಲ. ಅದು ಇನ್ನೊಂದು ತಪ್ಪು.

ಹೇಗೆ ತಪ್ಪೆಂದರೆ, 2010ರ ಜನವರಿಯಲ್ಲಿ ಗೂಗಲ್ ತನ್ನ ಮೇಲೆ ದಾಳಿಯಾಗಿದೆ ಎಂದು ಪ್ರಕಟಿಸಿತು. ಕಳ್ಳರು ಹೊಕ್ಕಿದ್ದು ನೀಲಿ ‘ಇ’ಯ ಬಿರುಕಿನಿಂದ. ಜರ್ಮನಿ, ಫ್ರಾನ್ಸ್ ಸರ್ಕಾರದ ಭದ್ರತಾ ಸಂಸ್ಥೆಗಳು ಸದ್ಯಕ್ಕೆ ಬೇರೆ ಬ್ರೌಸರ್ ಬಳಸಿ ಎಂದು ಜನರಿಗೆ ಹೇಳಿದವು. ಬ್ರಿಟನ್ನಿನಲ್ಲಿ ಆರನೆಯ ಆವೃತ್ತಿ ಬಿಡಿ ಎಂದು ಜನ ಮನವಿ ಸಲ್ಲಿಸಿದರೆ, ಎಲ್ಲ ತಂತ್ರಾಂಶಗಳನ್ನೂ ಮತ್ತೆ ಪರೀಕ್ಷಿಸಬೇಕು, ಅದಕ್ಕೆ ಬಹಳ ಹಣ ಬೇಕು ಎಂದು ಸರ್ಕಾರ ಉತ್ತರ ಕೊಟ್ಟಿತು. ನಮ್ಮ ಸಾಹೇಬರ ಮಾತೇ! ಇದನ್ನು ಓದಿದಾಗ ನನಗೆ ಸಮಾಧಾನವೂ ಆಯಿತು, ನಗುವೂ ಬಂತು.

ಅದೇ ವರ್ಷದ ಮಾರ್ಚಿನಲ್ಲಿ ಅಮೆರಿಕದ ಡೆನ್ವರ್ ನಗರದಲ್ಲಿ ಜಾಲಪುಟ ವಿನ್ಯಾಸ ಮಾಡುವವರು ಆರನೆಯ ಆವೃತ್ತಿಗೆ ಅಣಕು ಶವಸಂಸ್ಕಾರ ನಡೆಸಿದರು. ಮೈಕ್ರೋಸಾಫ್ಟಿನವರೇ ಹೂಗುಚ್ಛ ಕಳಿಸಿದ್ದರು. ದಕ್ಷಿಣ ಕೊರಿಯಾದವರ ಕಷ್ಟ ಇನ್ನೂ ದೊಡ್ಡದು. ಅಲ್ಲಿ ಬ್ಯಾಂಕು ವ್ಯವಹಾರದ ಭದ್ರತೆಯನ್ನೇ ಆಕ್ಟಿವ್‌ಎಕ್ಸ್‌ಗೆ ಕಟ್ಟಿಹಾಕಿದ್ದರಿಂದ ನೀಲಿ ‘ಇ’ ಇಲ್ಲದೆ ವರ್ಷಾನುಗಟ್ಟಲೆ ಹಣ ಕಳಿಸುವಂತೆಯೂ ಇರಲಿಲ್ಲ. 2022ರ ಜೂನ್ 15ರಂದು ಮೈಕ್ರೋಸಾಫ್ಟ್ ಅದನ್ನು ನಿವೃತ್ತಿಗೊಳಿಸಿದಾಗ ಅಲ್ಲಿನ ಎಂಜಿನಿಯರ್ ಒಬ್ಬರು ಸ್ವಂತ ಖರ್ಚಿನಲ್ಲಿ ಕಲ್ಲು ಕೆತ್ತಿಸಿ ಗ್ಯೋಂಗ್ಜು ಊರಿನ ಕಾಫಿ ಅಂಗಡಿಯೊಂದರ ತಾರಸಿಯ ಮೇಲೆ ನಿಲ್ಲಿಸಿದರಂತೆ. ಬೇರೆ ಬ್ರೌಸರುಗಳನ್ನು ಇಳಿಸಿಕೊಳ್ಳಲು ಒಳ್ಳೆಯ ಸಾಧನವಾಗಿತ್ತು ಎಂದು ಅದರ ಮೇಲೆ ಚರಮವಾಕ್ಯ!

ಅಷ್ಟರಲ್ಲಿ ಬೇರೆ ಕಿಟಕಿಗಳು ಬಂದು ಬೇರೂರಿದ್ದವು. 2004ರಲ್ಲಿ ಫೈರ್‌ಫಾಕ್ಸ್, 2008ರಲ್ಲಿ ಕ್ರೋಮ್. ಕ್ರೋಮ್ ಯಾರನ್ನೂ ಕೇಳದೆ ಹಿಂದಿನಿಂದಲೇ ತನ್ನನ್ನು ತಾನು ಹೊಸದು ಮಾಡಿಕೊಳ್ಳುತ್ತಿತ್ತು. ನನ್ನಂಥ ಪುಕ್ಕಲರನ್ನು ಕೇಳುತ್ತ ಕೂತರೆ ಬಿರುಕು ಮುಚ್ಚುವುದಿಲ್ಲ ಎಂದು ಅವರಿಗೆ ಗೊತ್ತಿದ್ದಿರಬೇಕು. ಕೇಳದೆ ನನ್ನ ಮನೆಯ ಬಾಗಿಲು ಬದಲಿಸುವುದು ಎಷ್ಟು ಸರಿ ಎಂಬ ಅನುಮಾನ ನನ್ನಲ್ಲಿನ್ನೂ ಪೂರ್ತಿ ಹೋಗಿಲ್ಲ.

2014ರ ಏಪ್ರಿಲ್‌ನಲ್ಲಿ ವಿಂಡೋಸ್ ಎಕ್ಸ್‌ಪಿಗೆ ಬೆಂಬಲ ನಿಂತ ಮೇಲೆ ನಮ್ಮ ಕಚೇರಿಯ ಯಂತ್ರಗಳನ್ನು ಗುಜರಿಗೆ ಹಾಕಿದರು. ನನ್ನ ಚೀಟಿಯೂ ಮಾನಿಟರಿನ ಜೊತೆಗೇ ಹೋಯಿತು. ಈಗ ಬ್ರೌಸರಿನ ಮೂಲೆಯಲ್ಲಿ ಅಪ್‌ಡೇಟ್ ಸೂಚನೆ ಬಂದರೆ ಒತ್ತುತ್ತೇನೆ. ಒತ್ತುವ ಮುಂಚೆ ಫೋಟೋಗಳ ಪೆನ್‌ಡ್ರೈವ್ ಸಾಸಿವೆ ಡಬ್ಬದ ಪಕ್ಕದಲ್ಲಿದೆಯೇ ಎಂದು ಒಮ್ಮೆ ಎದ್ದುಹೋಗಿ ನೋಡುತ್ತೇನೆ. ಮಗಳು ನಗುತ್ತಾಳೆ.

ಅಮ್ಮನ ಆ ಯುಗಾದಿಯ ಫೋಟೋ ಒಂದೇ ಒಂದು ಉಳಿದಿದೆ. ತಂಗಿಗೆ ಕಳಿಸಲೆಂದು ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿದ್ದೆ. ಬೇವುಬೆಲ್ಲದ ಬಟ್ಟಲು ಹಿಡಿದು, ಯಾರೋ ಕರೆದರೆಂದು ಕಿಟಕಿಯ ಕಡೆ ತಿರುಗಿದ್ದಾಳೆ.