ಹೊನ್ನಾವರದ ಕೋಟೆಯೂ ಚಂದಾವರದ ಇಗರ್ಜಿಯೂ

ಶರಾವತಿಯು ಕಡಲನ್ನು ಸೇರುವೆಡೆಯಲ್ಲಿರುವ ಹೊನ್ನಾವರವು ಇಂದು ಸಣ್ಣ ತಾಲ್ಲೂಕು ಪಟ್ಟಣ. ಗೇರುಸೊಪ್ಪೆಯ ಕಾಳುಮೆಣಸು ದೋಣಿಗಳಲ್ಲಿ ಇಳಿದುಬರುತ್ತಿದ್ದ ಕಾಲದಲ್ಲಿ ಅದರ ಹೆಸರು ಅರಬರಿಗೂ ಪೋರ್ಚುಗೀಸರಿಗೂ ಚಿರಪರಿಚಿತವಾಗಿತ್ತು. ಹದಿನಾಲ್ಕನೆಯ ಶತಮಾನದಲ್ಲಿ ಇಲ್ಲಿಗೆ ಬಂದ ಇಬ್ನ್ ಬತೂತನು ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಪಾಠಶಾಲೆಗಳಿದ್ದುದನ್ನು ದಾಖಲಿಸಿದ್ದಾನೆ. ಕರಾವಳಿಯ ಶಿಕ್ಷಣದ ಚರಿತ್ರೆಯನ್ನು ಮಿಷನರಿಗಳಿಂದಲೇ ಆರಂಭಿಸುವ ರೂಢಿಯುಳ್ಳ ನಾವು ಈ ಮಾತನ್ನು ಗಮನಿಸುವುದು ಒಳ್ಳೆಯದು.

ಪೋರ್ಚುಗೀಸರು ಈ ಊರಿಗೆ ಮೊದಲು ತಂದುದು ಸುವಾರ್ತೆಯನ್ನಲ್ಲ, ಬೆಂಕಿಯನ್ನು. 1505ರಲ್ಲಿ ಅಲ್ಮೇಡನು ಇಲ್ಲಿನ ಹಡಗುಗಳನ್ನು ಸುಡಿಸಿದನು. 1569ರಲ್ಲಿ ಗೇರುಸೊಪ್ಪೆಯ ಆಳ್ವಿಕೆಗೆ ಸೇರಿದ್ದ ಈ ಬಂದರನ್ನು ಅವರು ವಶಪಡಿಸಿಕೊಂಡು ಕೋಟೆಯನ್ನು ಹಿಡಿದರು. ಅಲ್ಲಿಂದ ಸುಮಾರು ಎಂಟು ದಶಕಗಳ ಕಾಲ ಕ್ರೈಸ್ತಸಭೆಯು ಫಿರಂಗಿಗಳ ನೆರಳಿನಲ್ಲಿದ್ದಿತು. 1650ರ ದಶಕದ ಮೊದಲ ವರ್ಷಗಳಲ್ಲಿ ಕೆಳದಿಯ ಶಿವಪ್ಪನಾಯಕನು ಕೋಟೆಯನ್ನು ಗೆದ್ದುಕೊಂಡಾಗ ಆ ನೆರಳೂ ಹೋಯಿತು.

ಸಭೆ ಮಾತ್ರ ಹೋಗಲಿಲ್ಲ. 1678ರ ಒಪ್ಪಂದದಲ್ಲಿ ಕೆಳದಿಯ ಅರಸರು ಮಿರ್ಜಾನ್, ಚಂದಾವರ, ಭಟ್ಕಳ, ಕಲ್ಯಾಣಪುರಗಳಲ್ಲಿ ಇಗರ್ಜಿ ಕಟ್ಟಲು ಅನುಮತಿಯಿತ್ತರು. ವೀರಶೈವ ಅರಸೊತ್ತಿಗೆಯೊಂದರ ಅಪ್ಪಣೆಯಿಂದ ನಮ್ಮ ದೇವಾಲಯಗಳು ಎದ್ದವು. ಒಪ್ಪಂದದ ಹಿಂದೆ ಅಕ್ಕಿ ಮೆಣಸುಗಳ ವ್ಯಾಪಾರವಿದ್ದುದು ನಿಜ. ಆದರೂ ಕೋಟೆಯು ಉಳಿಸಿಕೊಡಲಾರದ್ದನ್ನು ಆ ಅಪ್ಪಣೆ ಉಳಿಸಿತೆಂಬುದು ನಮ್ಮ ಅಭಿಪ್ರಾಯ.

ಆಗ ಉಂಟಾದ ಅಪಾಯವು ಹೊರಗಿನದಲ್ಲ. ಗೋವೆಯ ಮಹಾಧರ್ಮಾಧ್ಯಕ್ಷರು ಪೋರ್ಚುಗಲ್ ದೊರೆಯ ಪದ್ರುವಾದೊ ಹಕ್ಕಿನ ಬಲದಿಂದ ಕೆನರಾ ತಮ್ಮದೆಂದರು. ರೋಮಿನ ಪ್ರೊಪಗಾಂದ ಸಂಘವು ಅದೇ ನಾಡಿಗೆ ಗೋವೆಯವರೇ ಆದ ಧರ್ಮಾಧ್ಯಕ್ಷ ತೋಮಸ್ ದೆ ಕಾಸ್ತ್ರೊ ಅವರನ್ನು ನೇಮಿಸಿತ್ತು. ಇದು ಬರಿಯ ಗೌರವದ ಜಗಳವಾಗಿರಲಿಲ್ಲ. ಜ್ಞಾನಸ್ನಾನವು ಗುರುವಿನ ಅಧಿಕಾರವ್ಯಾಪ್ತಿಯನ್ನು ಅವಲಂಬಿಸುವುದಿಲ್ಲ, ಪಾಪವಿಮೋಚನೆಯಾದರೋ ಅವಲಂಬಿಸುತ್ತದೆ. ಟ್ರೆಂಟ್ ಮಹಾಸಭೆಯ ಬಳಿಕ ವಿವಾಹದ ಸಿಂಧುತ್ವವೂ ಅಧಿಕಾರವುಳ್ಳ ಗುರುವಿನ ಸಾನ್ನಿಧ್ಯವನ್ನು ಬಯಸುತ್ತಿತ್ತು. ತಾನು ಮಾಡಿದ ಪಾಪನಿವೇದನೆ ಸಂದಿತೇ, ತನ್ನ ಮದುವೆ ಮದುವೆಯೇ ಎಂಬ ಸಂಶಯವು ಗದ್ದೆಯಲ್ಲಿ ದುಡಿಯುವವನ ಮನೆಯೊಳಗೆ ಬಂದು ಕುಳಿತಿತು.

1681ರಲ್ಲಿ ಗೋವೆಯಿಂದ ಕೆನರಾ ಮಿಷನಿನ ಮುಖ್ಯಸ್ಥರಾಗಿ ಬಂದ ಗುರು ಜೋಸೆಫ್ ವಾಜ್ ಅವರಿಗೆ ಆಗ ಮೂವತ್ತು ವಯಸ್ಸು. ಗೋವೆಯ ಪಕ್ಷವನ್ನು ಎತ್ತಿಹಿಡಿಯಲೆಂದೇ ಕಳುಹಿಸಲ್ಪಟ್ಟಿದ್ದ ಅವರು ದೆ ಕಾಸ್ತ್ರೊ ಅವರೊಡನೆ ಮಾತುಕತೆಗೆ ಹೋದರು. ರೋಮಿನ ತೀರ್ಪು ಬರುವವರೆಗೆ ವಿಶ್ವಾಸಿಗಳ ಮನಸ್ಸಾಕ್ಷಿ ಕದಡದಿರಲೆಂಬುದೇ ಅವರ ಕಾಳಜಿಯಾಗಿತ್ತು. ಮೇಲಧಿಕಾರಿಗೆ ವಿಧೇಯನಾಗಿದ್ದೂ ಎದುರು ಪಕ್ಷದವನನ್ನು ಧರ್ಮಾಧ್ಯಕ್ಷನೆಂದು ಗೌರವಿಸುವುದು ಎಷ್ಟು ಕಷ್ಟವೆಂಬುದನ್ನು ಗುರುಗಳಾದ ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. 1684ರಲ್ಲಿ ವಾಜ್ ಗೋವೆಗೆ ಮರಳಿದರು. ಮುಂದೆ ಸಿಂಹಳದಲ್ಲಿ ದುಡಿದು ಮಡಿದ ಅವರನ್ನು 2015ರಲ್ಲಿ ಜಗದ್ಗುರು ಫ್ರಾನ್ಸಿಸರು ಸಂತರೆಂದು ಘೋಷಿಸಿದರು.

ಒಂದು ಶತಮಾನದ ಬಳಿಕ ಕೋಟೆಯು ಮತ್ತೊಮ್ಮೆ ಚರಿತ್ರೆಗೆ ಬರುತ್ತದೆ. 1783ರಲ್ಲಿ ಅದನ್ನು ಹಿಡಿದ ಇಂಗ್ಲಿಷರು ಟಿಪ್ಪುವಿನ ಮುತ್ತಿಗೆಯನ್ನು ತಿಂಗಳುಗಟ್ಟಲೆ ತಡೆದರು. ಆದರೆ 1784ರಲ್ಲಿ ಕೆನರಾದ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆಯೊಯ್ದಾಗ ಯಾವ ಕೋಟೆಯೂ ಅವರ ನೆರವಿಗೆ ಬರಲಿಲ್ಲ. 1799ರ ನಂತರ ಬದುಕುಳಿದವರು ಮರಳಿ ಬಂದು ಮತ್ತೆ ಇಗರ್ಜಿಗಳನ್ನು ಕಟ್ಟಿಕೊಂಡರು.

ಈಗ ಈ ಸೀಮೆಯು 1976ರಲ್ಲಿ ಸ್ಥಾಪನೆಯಾದ ಕಾರವಾರ ಧರ್ಮಪ್ರಾಂತಕ್ಕೆ ಸೇರಿದೆ. ಹೊನ್ನಾವರ, ಕುಮಟಾಗಳ ನಡುವಿನ ಚಂದಾವರದಲ್ಲಿ ಡಿಸೆಂಬರ್ 3ರಂದು ಸಂತ ಫ್ರಾನ್ಸಿಸ್ ಕ್ಸೇವಿಯರರ ಹಬ್ಬ ನಡೆಯುತ್ತದೆ. ಹರಕೆ ಹೊತ್ತು ಬರುವವರಲ್ಲಿ ಹಿಂದೂ ನೆರೆಹೊರೆಯವರೂ ಇರುತ್ತಾರೆ.