ಬೀಳುತ್ತಲೇ ಕಲಿಯುವವರ ಆಟ

ಬಳ್ಳಾರಿ ತಾಲ್ಲೂಕಿನ ರೂಪನಗುಡಿಯಂಥ ಊರುಗಳಲ್ಲಿ ಬೆಳೆದವರಿಗೆ ಕುಂಟೆಬಿಲ್ಲೆಯನ್ನು ಹೊಸದಾಗಿ ಪರಿಚಯಿಸಬೇಕಿಲ್ಲ. ನೆಲದ ಮೇಲೆ ಮನೆಗಳನ್ನು ಗೀಚಿ, ಬಿಲ್ಲೆ ಎಸೆದು, ಒಂಟಿ ಕಾಲಿನಲ್ಲಿ ಕುಂಟುತ್ತ ಸಾಗುವ ಆಟವಿದು. ಗಡಿಯಾಚೆ ಆಂಧ್ರದಲ್ಲಿ ಇದೇ ‘ತೊಕ್ಕುಡು ಬಿಳ್ಳ’. ಕಾಲು ಗೆರೆ ಮುಟ್ಟಿದರೆ ಔಟ್, ಬಿಲ್ಲೆ ಗೆರೆಯ ಮೇಲೆ ಬಿದ್ದರೂ ಔಟ್. ಔಟಾದವರು ಪಕ್ಕಕ್ಕೆ ಸರಿದು ಸರದಿ ಕಾಯಬೇಕು. ಸರದಿ ಬಂದಾಗ ತಪ್ಪಿದ ಮನೆಯಿಂದಲೇ ಮತ್ತೆ ಶುರು.

ಟಿ.ವಿ. ಮತ್ತು ಕಂಪ್ಯೂಟರ್ ಪರದೆಯ ಮೇಲೆ ಆಡುವ ‘ಪ್ಲಾಟ್‌ಫಾರ್ಮ್’ ಆಟಗಳ ಒಳಗುಟ್ಟೂ ಹೆಚ್ಚುಕಡಿಮೆ ಇದೇ. ಗೊಂಬೆಯೊಂದನ್ನು ಒಂದು ಕಟ್ಟೆಯಿಂದ ಇನ್ನೊಂದಕ್ಕೆ ಹಾರಿಸುತ್ತ ಹೋಗಬೇಕು. ನಡುವೆ ಹಳ್ಳ, ಮುಳ್ಳು, ಶತ್ರುಗಳು. ಇವುಗಳಲ್ಲಿ ಕೆಲವು ಎಷ್ಟು ವೇಗದವು, ಎಷ್ಟು ಕಠಿಣವೆಂದರೆ ಒಂದು ಹಂತ ದಾಟುವಷ್ಟರಲ್ಲಿ ಆಟಗಾರ ನೂರು ಬಾರಿ ಸತ್ತಿರುತ್ತಾನೆ. ಹೀಗೆ ಸೋಲುವ ಆಟವನ್ನು ಇಷ್ಟಪಡುವವರು ಯಾರು? ಅವರಿಗೆ ಅದರಲ್ಲಿ ಸಿಗುವುದಾದರೂ ಏನು? ಈ ಆಟಗಳ ನಾಲ್ಕು ದಶಕಗಳ ಇತಿಹಾಸದಲ್ಲಿ ಇದಕ್ಕೆ ಉತ್ತರವಿದೆ.

ನಾಣ್ಯ ನುಂಗುವ ಯಂತ್ರ

1981ರಲ್ಲಿ ಜಪಾನಿನ ನಿಂಟೆಂಡೊ ಕಂಪನಿ ‘ಡಾಂಕಿ ಕಾಂಗ್’ ಎಂಬ ಆಟವನ್ನು ಹೊರತಂದಿತು. ಅದನ್ನು ರೂಪಿಸಿದ ಶಿಗೆರು ಮಿಯಾಮೊಟೊಗೆ ಆಗ 28 ವರ್ಷ. ಉರುಳಿ ಬರುವ ಪೀಪಾಯಿಗಳನ್ನು ಹಾರಿ, ಏಣಿ ಹತ್ತಿ ಮೇಲೇರುವ ಬಡಗಿಯೇ ಇದರ ನಾಯಕ. ಮುಂದೆ ಲೋಕಪ್ರಸಿದ್ಧನಾದ ‘ಮಾರಿಯೊ’ ಈತನೇ. ಆ ಕಾಲದ ಯಂತ್ರಗಳು ನಾಣ್ಯ ಹಾಕಿದರಷ್ಟೇ ನಡೆಯುತ್ತಿದ್ದವು. ಆಟಗಾರ ಬೇಗ ಸೋತರೆ ಇನ್ನೊಂದು ನಾಣ್ಯ. ಅಂದರೆ ಆಟ ಕಠಿಣವಾಗಿದ್ದಕ್ಕೆ ಮೊದಲ ಕಾರಣ ವ್ಯಾಪಾರವೇ ಹೊರತು ಆಟಗಾರನ ಸುಖವಲ್ಲ.

1985ರ ಸೆಪ್ಟೆಂಬರ್‌ನಲ್ಲಿ ‘ಸೂಪರ್ ಮಾರಿಯೊ ಬ್ರದರ್ಸ್’ ಮನೆಯ ಟಿ.ವಿ.ಗೆ ಬಂತು. ಇಲ್ಲಿ ನಾಣ್ಯದ ಹಂಗಿರಲಿಲ್ಲ. ಆದರೆ ಬೇರೊಂದು ಮಿತಿಯಿತ್ತು. ಇಡೀ ಆಟ ಕೇವಲ 40 ಕಿಲೋಬೈಟ್‌ಗಳಲ್ಲಿ, 32 ಹಂತಗಳಲ್ಲಿ ಮುಗಿಯಬೇಕಿತ್ತು. ಇಷ್ಟು ಪುಟ್ಟ ಆಟ ತಿಂಗಳುಗಟ್ಟಲೆ ಬಾಳಬೇಕಾದರೆ ಸುಲಭವಾಗಿ ಮುಗಿಯುವಂತಿರಬಾರದು. ಹಾಗೆಂದು ಮಿಯಾಮೊಟೊ ಆಟಗಾರನನ್ನು ನಡುನೀರಿನಲ್ಲಿ ಕೈಬಿಡಲಿಲ್ಲ. ಮೊದಲ ಹಂತದ ಆರಂಭದಲ್ಲೇ ಒಂದು ಸಣ್ಣ ಶತ್ರು ಎದುರು ಬರುತ್ತದೆ. ಹಾರದಿದ್ದರೆ ಸಾವು. ಹಾರುವುದನ್ನು ಯಾರೂ ಬಾಯಿಬಿಟ್ಟು ಹೇಳಿಕೊಡಬೇಕಾಗಿಲ್ಲ, ಆ ಸಾವೇ ಕಲಿಸುತ್ತದೆ.

ಎಡವಿದ ಕಂಪನಿ

ಕಷ್ಟವಿದ್ದಷ್ಟೂ ಖುಷಿ ಎಂಬ ಲೆಕ್ಕ ಸರಿಯೇ? ನಿಂಟೆಂಡೊ ಇದನ್ನು ತಾನೇ ಪರೀಕ್ಷೆ ಮಾಡಿ ನೋಡಿತು. 1986ರ ಜೂನ್‌ನಲ್ಲಿ ಜಪಾನಿನಲ್ಲಿ ಮಾರಿಯೊದ ಎರಡನೆಯ ಭಾಗ ಬಂತು. ಅದು ಮೊದಲ ಭಾಗವನ್ನು ಅರೆದು ಕುಡಿದವರಿಗೆಂದೇ ಮಾಡಿದ ಆಟ. ಅದರಲ್ಲಿ ವಿಷದ ಅಣಬೆಯಿತ್ತು, ಎಳೆದೊಯ್ಯುವ ಗಾಳಿಯಿತ್ತು, ಮುಂದಕ್ಕೆ ಬದಲು ಹಿಂದಿನ ಲೋಕಕ್ಕೆ ಕಳಿಸುವ ಕಳ್ಳದಾರಿಯೂ ಇತ್ತು. ಅಮೆರಿಕದ ಶಾಖೆಯಲ್ಲಿ ಆಟಗಳನ್ನು ಪರೀಕ್ಷಿಸುತ್ತಿದ್ದ ಹೊವಾರ್ಡ್ ಫಿಲಿಪ್ಸ್‌ಗೆ ಇದು ಆಟಕ್ಕಿಂತ ಶಿಕ್ಷೆಯಾಗಿ ಕಂಡಿತು. ಕಂಪನಿ ಅದನ್ನು ಅಲ್ಲಿ ಬಿಡುಗಡೆ ಮಾಡಲೇ ಇಲ್ಲ. 1988ರಲ್ಲಿ ಬೇರೊಂದು ಜಪಾನಿ ಆಟಕ್ಕೆ ಮಾರಿಯೊನ ವೇಷ ತೊಡಿಸಿ ‘ಎರಡನೆಯ ಭಾಗ’ವೆಂದು ಮಾರಿತು. ಮೂಲ ಆಟ ಅಮೆರಿಕದ ಮಕ್ಕಳ ಕೈಸೇರಿದ್ದು 1993ರಲ್ಲಿ.

ಅದೇ ಕಾಲದ ಇನ್ನೊಂದು ಆಟ 1989ರ ‘ಪ್ರಿನ್ಸ್ ಆಫ್ ಪರ್ಷಿಯಾ’. ತೊಂಬತ್ತರ ದಶಕದಲ್ಲಿ ಕಂಪ್ಯೂಟರ್ ಕಲಿಯಲು ಹೋದ ನಮ್ಮವರಿಗೆ ಇದು ಚೆನ್ನಾಗಿ ನೆನಪಿದ್ದೀತು. ಫ್ಲಾಪಿಯಿಂದ ಫ್ಲಾಪಿಗೆ ನಕಲಾಗುತ್ತ ಬಂದ ಆಟವದು. ಅದನ್ನು ತಯಾರಿಸಿದ ಜೋರ್ಡಾನ್ ಮೆಕ್ನರ್ ತನ್ನ ತಮ್ಮ ಓಡುವುದನ್ನೂ ಹಾರುವುದನ್ನೂ ವಿಡಿಯೋ ಮಾಡಿಕೊಂಡು, ಚಿತ್ರದ ಮೇಲೆ ಚಿತ್ರ ಬರೆದು ರಾಜಕುಮಾರನಿಗೆ ಜೀವ ತುಂಬಿದ. ರಾಜಕುಮಾರ ಎಷ್ಟು ಬಾರಿ ಸತ್ತರೂ ಆಟ ಮುಗಿಯದು. ಆದರೆ ಕೊಟ್ಟಿರುವ 60 ನಿಮಿಷದ ಗಡುವು ಮಾತ್ರ ಓಡುತ್ತಲೇ ಇರುತ್ತದೆ.

ಅಗ್ಗವಾದ ಸಾವು

2010ರಲ್ಲಿ ಬಂದ ‘ಸೂಪರ್ ಮೀಟ್ ಬಾಯ್’ ಈ ಪ್ರಕಾರಕ್ಕೆ ಹೊಸ ತಿರುವು ಕೊಟ್ಟಿತು. ಹಂತಗಳು ಬಲು ಕ್ರೂರ, ಆದರೆ ಬಹಳ ಚಿಕ್ಕವು. ಸತ್ತ ಮರುಕ್ಷಣವೇ ಮತ್ತೆ ಆಟ. ಹಂತ ಗೆದ್ದ ಮೇಲೆ ಹಿಂದಿನ ಪ್ರಯತ್ನಗಳೆಲ್ಲ ಒಟ್ಟಿಗೆ ಪರದೆಯ ಮೇಲೆ ಓಡುತ್ತವೆ. ಎಲ್ಲೆಲ್ಲಿ ಬಿದ್ದೆ, ಕೊನೆಗೆ ಯಾವ ಹಾದಿಯಲ್ಲಿ ದಾಟಿದೆ ಎಂಬುದು ಆಟಗಾರನಿಗೆ ಕಣ್ಣಾರೆ ಕಾಣುತ್ತದೆ.

2018ರ ‘ಸೆಲೆಸ್ಟ್’ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಬೆಟ್ಟವೇರುವ ಹುಡುಗಿಯೊಬ್ಬಳ ಕಥೆಯಿದು. ಕಟ್ಟೆಯ ಅಂಚು ದಾಟಿದ ಮೇಲೂ ಕ್ಷಣದ ಸಣ್ಣ ಪಾಲಿನಷ್ಟು ಹೊತ್ತು ಹಾರಲು ಅವಕಾಶವಿದೆ. ಆಟಗಾರನಿಗೆ ತಿಳಿಯದಂತೆ ಆಟವೇ ಅವನ ಕೈಹಿಡಿಯುತ್ತದೆ. ಜೊತೆಗೆ, ಬೇಕೆನಿಸಿದರೆ ವೇಗವನ್ನು ತಗ್ಗಿಸಿಕೊಳ್ಳಬಹುದು, ಸಾವನ್ನೇ ಇಲ್ಲವಾಗಿಸಿಕೊಳ್ಳಲೂಬಹುದು. ಬೆರಳು ಚುರುಕಿಲ್ಲದವರು, ಅಂಗವಿಕಲರು, ವಯಸ್ಸಾದವರು ಅಂಗಳದ ಹೊರಗೇ ನಿಲ್ಲಬೇಕಾದ ಸ್ಥಿತಿ ಇದರಿಂದ ಸ್ವಲ್ಪ ಬದಲಾಯಿತು.

ಹಾಗಾದರೆ ಈ ಆಟಗಳು ಯಾರಿಗೆ ಹಿಡಿಸುತ್ತವೆ? ಹುಟ್ಟಾ ಚುರುಕು ಬೆರಳಿನವರಿಗೆ ಎಂಬುದು ಅರ್ಧಸತ್ಯ. ತನ್ನ ತಪ್ಪನ್ನು ತಾನೇ ಕಂಡು, ಬೇರೆಯವರನ್ನು ದೂರದೆ, ಅದೇ ಜಾಗದಿಂದ ಮತ್ತೆ ಆರಂಭಿಸಬಲ್ಲವರಿಗೆ ಇವು ಹಿಡಿಸುತ್ತವೆ. ಮನಶ್ಶಾಸ್ತ್ರಜ್ಞ ಮಿಹಾಯ್ ಚಿಕ್‌ಸೆಂಟ್‌ಮಿಹಾಯ್ 1975ರಲ್ಲೇ ಈ ಬಗೆಯ ತನ್ಮಯತೆಯನ್ನು ವಿವರಿಸಿದ್ದರು. ಸವಾಲು ಕೌಶಲಕ್ಕಿಂತ ತೀರಾ ಹೆಚ್ಚಾದರೆ ಆತಂಕ, ತೀರಾ ಕಡಿಮೆಯಾದರೆ ಬೇಸರ. ಎರಡೂ ಸಮತೂಕದಲ್ಲಿದ್ದರೆ ಮನುಷ್ಯ ಹೊತ್ತನ್ನೇ ಮರೆಯುತ್ತಾನೆ. ಕಥೆ ಕೇಳುವ ಆಸೆಯವರಿಗೆ, ದಿನದ ದಣಿವು ಕಳೆಯಲು ಕೂರುವವರಿಗೆ ಈ ಆಟ ರುಚಿಸದೇ ಹೋದರೆ ಅದು ದಡ್ಡತನವಲ್ಲ, ಅವರ ಅಗತ್ಯವೇ ಬೇರೆ.

ಆದರೆ ಹೊತ್ತು ಮರೆಯುವುದರಲ್ಲಿ ಅಪಾಯವೂ ಇದೆ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿ ತಂತ್ರಜ್ಞಾನದ ಗೀಳಿಗಾಗಿಯೇ ಪ್ರತ್ಯೇಕ ಚಿಕಿತ್ಸಾಲಯ ತೆರೆಯಿತು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿದ ಕಾಯಿಲೆಗಳ ಪಟ್ಟಿಯಲ್ಲಿ ಆಟದ ಗೀಳಿಗೂ ಜಾಗವಿದೆ. ಅದರ ಪ್ರಕಾರ ಆಟ ಕಠಿಣವೇ ಎಂಬುದು ಮುಖ್ಯವಲ್ಲ. ಆಡುವವರ ಹಿಡಿತ ತಪ್ಪಿದೆಯೇ, ಓದು, ಕೆಲಸ, ಮನೆಯ ಬದುಕು ಕೆಟ್ಟಿದೆಯೇ ಎಂಬುದೇ ಮುಖ್ಯ.

ಪರದೆಯ ಮುಂದೆ ಕೂತ ಮಗ ಐವತ್ತನೆಯ ಬಾರಿ ಸೋತದ್ದನ್ನು ಕಂಡು ತಂದೆತಾಯಿ ಗದರುವುದು ಸಹಜ. ಗದರುವ ಮೊದಲು ಕೇಳಬೇಕಾದ ಪ್ರಶ್ನೆಗಳು ಎರಡು: ಈ ಸಲ ಎಲ್ಲಿ ತಪ್ಪಿತೆಂದು ಅವನಿಗೆ ಗೊತ್ತೇ? ಊಟಕ್ಕೆ ಕರೆದರೆ ಎದ್ದು ಬರುತ್ತಾನೆಯೇ? ಎರಡಕ್ಕೂ ಹೌದೆಂಬ ಉತ್ತರವಿದ್ದರೆ ಚಿಂತೆಗೆ ಕಾರಣವಿಲ್ಲ. ಕುಂಟೆಬಿಲ್ಲೆಯಲ್ಲಿ ಔಟಾದ ಮಕ್ಕಳು ಮರುದಿನ ಮತ್ತೆ ಅಂಗಳಕ್ಕೆ ಬರುತ್ತಿದ್ದುದೂ ಇದೇ ಹುಮ್ಮಸ್ಸಿನಿಂದ.