ಕಿಟ್‌ನೊಳಗಿನ ಕಿಣ್ವ

2020ರ ಮಾರ್ಚ್ ಕೊನೆಗೆ ಹೊಸಪೇಟೆಯಲ್ಲಿ ಕೋವಿಡ್ ಪತ್ತೆಯಾದ ಮೇಲೆ ಕಂಪ್ಲಿ, ಸಂಡೂರಿನ ಕಟ್ಟೆಗಳಲ್ಲೂ ಆರ್‌ಟಿ-ಪಿಸಿಆರ್ ಮಾತು ಓಡಾಡಿತು. ಯಂತ್ರ ಸುದ್ದಿಯಾಯಿತು, ಕಿಟ್‌ನ ಬೆಲೆ ಜಗಳವಾಯಿತು. ಅದರೊಳಗೆ ದುಡಿಯುವ ಟ್ಯಾಕ್ ಪಾಲಿಮರೇಸ್ ಎಂಬ ಬ್ಯಾಕ್ಟೀರಿಯಾ ಕಿಣ್ವವನ್ನು ಮಾತ್ರ ಯಾರೂ ವಿಚಾರಿಸಲಿಲ್ಲ. ಅದೇನಿದ್ದರೂ ಹೊರದೇಶದ ಸರಕು ಎಂಬ ಭಾವನೆ ಇಂದಿಗೂ ಅಳಿದಿಲ್ಲ.

ಇಂಥ ಕಿಣ್ವಗಳ ಕಥೆಯ ಮೊದಲ ಅಧ್ಯಾಯ ಹೊರದೇಶದ್ದೇ, ಒಪ್ಪೋಣ. 1970ರಲ್ಲಿ ಹ್ಯಾಮಿಲ್ಟನ್ ಸ್ಮಿತ್ ಡಿಎನ್‌ಎಯನ್ನು ಗೊತ್ತಾದ ಜಾಗದಲ್ಲೇ ಕತ್ತರಿಸುವ ಕಿಣ್ವವನ್ನು ವಿವರಿಸಿದರು. ಯೆಲ್ಲೊಸ್ಟೋನ್ ಬಿಸಿನೀರ ಬುಗ್ಗೆಯ ಬ್ಯಾಕ್ಟೀರಿಯಾದಿಂದ 1976ರಲ್ಲಿ ಟ್ಯಾಕ್ ಶುದ್ಧವಾಯಿತು, 1989ರ ಹೊತ್ತಿಗೆ ಅದರ ಜೀನ್ ಇ. ಕೊಲೈ ಸೇರಿತು.

ಅದೇ 1989ರಲ್ಲಿ ಅಣುಜೀವವಿಜ್ಞಾನಿ ಪಿ. ಬಾಬು ಬೆಂಗಳೂರು ಜೆನೈ ಕಂಪನಿ ಕಟ್ಟಿ, ಪ್ರಯೋಗಾಲಯದ ಕಿಣ್ವಗಳನ್ನು ಇಲ್ಲೇ ತಯಾರಿಸಿ ಮಾರಿದರು. ವಿದೇಶಿ ಪಾರ್ಸಲ್ಲಿಗೆ ವಾರಗಟ್ಟಲೆ ಕಾದು, ಐಸ್ ಕರಗಿದ ಡಬ್ಬಿ ಬಿಚ್ಚಿದವರಿಗೆ ಇದರ ಬೆಲೆ ಗೊತ್ತು. ಮುಂದೆ ಆ ಕಂಪನಿ ಜರ್ಮನಿಯ ಮರ್ಕ್ ಪಾಲಾಯಿತು. ಅದಕ್ಕೊಂದು ಸರಿಯಾದ ಚರಿತ್ರೆ ಬರೆಯಬೇಕಿತ್ತು.

ಆದರೆ ನಿಜವಾದ ಆಳ ಕಂಡದ್ದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಡಿ.ಎನ್. ರಾವ್ ಅವರ ತಂಡ ಡಿಎನ್‌ಎ ಕತ್ತರಿಸುವ ಇಕೋಪಿ15-1 ಎಂಬ ಕಿಣ್ವದ ಬೆನ್ನು ಹತ್ತಿತು. ಗುರುತು ಒಂದು ಕಡೆ ಹಿಡಿದು, ಡಿಎನ್‌ಎಯ ಸುಮಾರು 25 ಅಕ್ಷರ ದಾಟಿ ಕತ್ತರಿಸುವ ವಿಚಿತ್ರ ಕಿಣ್ವ ಅದು. ವಿ. ನಾಗರಾಜ ಅವರ ತಂಡ ಕೆಪಿಎನ್-1 ಎಂಬ ಇನ್ನೊಂದು ಕತ್ತರಿಸುವ ಕಿಣ್ವವನ್ನು ಕೈಗೆತ್ತಿಕೊಂಡಿತು. ಎಲ್ಲರ ಫ್ರೀಜರಿನಲ್ಲೂ ಇದ್ದ ಈ ಕಿಣ್ವ ಮೆಗ್ನೀಸಿಯಂ ಜೊತೆ ಕಂಡಕಂಡಲ್ಲಿ ಬಾಯಿ ಹಾಕುತ್ತದೆ. ಇಂಥ ಕಿಣ್ವಗಳನ್ನು ಸಾಮಾನ್ಯವಾಗಿ ಕಟ್ಟಿಹಾಕುವ ಕ್ಯಾಲ್ಸಿಯಂ ಕೊಟ್ಟರೆ, ಇದು ನಿಲ್ಲುವುದಿಲ್ಲ. ಬದಲಿಗೆ ತಪ್ಪದೆ ಕತ್ತರಿಸುತ್ತದೆ. 2008ರಲ್ಲಿ ಈ ತಂಡ 163ನೇ ಸ್ಥಾನದ ಒಂದೇ ಅಮೈನೋ ಆಮ್ಲ ಬದಲಿಸಿ ಅದರ ಚಪಲ ಬಿಡಿಸಿತು. ಕಿಣ್ವವನ್ನು ಬರೀ ಕತ್ತರಿ ಎಂದು ಪಾಠ ಮಾಡುವವರು ಈ ಕೆಲಸವನ್ನೊಮ್ಮೆ ಓದಬೇಕು.

ಕಿಣ್ವವಷ್ಟೇ ಅಲ್ಲ, ಇಡೀ ಬ್ಯಾಕ್ಟೀರಿಯಾವನ್ನೇ ದುಡಿಸಿದವರೂ ಅಲ್ಲಿದ್ದರು. ಅದೇ ಸಂಸ್ಥೆಯ ಕೆ.ಎ. ನಟರಾಜನ್ ಹೆಮಟೈಟ್ ಅದಿರಿನಿಂದ ಸಿಲಿಕಾ, ಅಲ್ಯೂಮಿನಾ ಬಿಡಿಸಲು ಬ್ಯಾಕ್ಟೀರಿಯಾ ಬಳಸಿ ತೋರಿಸಿದ್ದರು. ಸಂಡೂರಿನದೂ ಹೆಮಟೈಟೇ. ಗಣಿಯ ಲೆಕ್ಕದಲ್ಲಿ ಅದಿರಿನ ಟನ್ನುಗಳಿಗೆ ಸಿಗುವ ಮರ್ಯಾದೆ ಆ ಕೆಂಪು ಮಣ್ಣಿನ ಜೀವಿಗಳಿಗೆ ಸಿಕ್ಕಿಲ್ಲ.

ಕಿಟ್‌ನ ಕಿಣ್ವಕ್ಕೇ ಮರಳಿದರೆ, ಟ್ಯಾಕ್ ತಯಾರಿಕೆಯಂತೂ ಗುಟ್ಟಲ್ಲ. ಮೂಲ ಪೇಟೆಂಟುಗಳ ಅವಧಿ ಎಂದೋ ಮುಗಿದಿದೆ. ಜೀನ್ ಹೊತ್ತ ಇ. ಕೊಲೈ ಬೆಳೆಸಿ, ಕೋಶ ಒಡೆದು, ದ್ರಾವಣವನ್ನು 75 ಡಿಗ್ರಿಗೆ ಕಾಯಿಸಿದರೆ ಇ. ಕೊಲೈನ ಪ್ರೋಟೀನುಗಳಲ್ಲಿ ಬಹುಪಾಲು ಒಡೆದ ಹಾಲಿನಂತೆ ಗಟ್ಟಿಯಾಗುತ್ತವೆ. ಟ್ಯಾಕ್ ಕರಗಿಯೇ ಉಳಿಯುತ್ತದೆ. ಸಂಡೂರಿನ ನಂದಿಹಳ್ಳಿ ಸ್ನಾತಕೋತ್ತರ ಕೇಂದ್ರದಂಥಲ್ಲಿ ಎಂಎಸ್ಸಿ ವಿದ್ಯಾರ್ಥಿಗಳೇ ಮಾಡಬಹುದಾದ ಕೆಲಸ ಇದು. ಬೇಕಿರುವುದು ಶೇಕರ್, ಬಿಸಿನೀರಿನ ತೊಟ್ಟಿ, ಸೆಂಟ್ರಿಫ್ಯೂಜ್, ಮೈನಸ್ 20 ಡಿಗ್ರಿಯ ಫ್ರೀಜರ್. ಮತ್ತೆ ಬೇಸಿಗೆಯಲ್ಲೂ ಕೈಕೊಡದ ಕರೆಂಟು.